ಗರಟೆ ಕಡಲಿನದೋ ತೋಟದ್ದೋ: ಮಾತಾಡುವ ಮಣೆ, ಮೂರನೆಯ ಆವೃತ್ತಿ

ಅಂಗನವಾಡಿ ಮಕ್ಕಳಿಗಾಗಿ ನಾನು ಮಾಡಿದ, ಪ್ರಶ್ನೆ ಕೇಳಿ ಅವರು ಇಟ್ಟದ್ದನ್ನು ದಾಖಲಿಸುವ ಆಟದ ಮಣೆ ಗುರುವಾರ ರಾತ್ರಿ ಒಂದೂವರೆಗೆ ಸರಿಯಾಯಿತು. ಹನ್ನೊಂದು ದಿನ ನಿದ್ದೆಗೆಡಿಸಿದ ದೋಷ ಆರು ಸಾಲು ಕೋಡಿನಲ್ಲಿ ಅಡಗಿ ಕೂತಿತ್ತು. ಅಷ್ಟು ದಿನವೂ ನಾನು ಮಾಡಿದ ಯಂತ್ರ ನಾಲ್ಕು ವರ್ಷದ ಮಕ್ಕಳ ಮೇಲೆ ಅವರ ಅಕ್ಕೋರ (ಅಂಗನವಾಡಿಯ ಟೀಚರ್) ಬಳಿ ಚಾಡಿ ಹೇಳುತ್ತಿತ್ತು. ಆ ಸಂಕಟಕ್ಕೇ ಇದನ್ನು ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮಣೆಯ ಒಡಲು ಎರಡನೆಯ ಆವೃತ್ತಿಯದೇ. ಹಲಸಿನ ಹಲಗೆಯ ಕೆಳಗೆ ಟ್ಯಾಗುಗಳನ್ನು ರೇಡಿಯೊ ಅಲೆಯಿಂದ ಓದುವ ಎರಡು ಆರ್‌ಸಿ522 ರೀಡರ್, ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಎಸ್‌ಪಿ32, ದನಿ ನುಡಿಸಲು ಡಿಎಫ್‌ಪ್ಲೇಯರ್. ಹಲಗೆಯ ಮೇಲೆ ನೀಲಿ ವೃತ್ತ ಕಡಲು, ಹಸಿರು ವೃತ್ತ ತೋಟ. ಬೆಳಚಿನ ಚಿಪ್ಪು, ಅಡಿಕೆ, ಗೇರುಬೀಜ, ಮುರುಗಲ ಸಿಪ್ಪೆ, ತೆಂಗಿನ ಗರಟೆಯ ತುಂಡು ಇವನ್ನೆಲ್ಲ ಬಾಯಿಗೆ ಹಿಡಿಯದಷ್ಟು ದೊಡ್ಡ ಮರದ ಬಿಲ್ಲೆಗಳಿಗೆ ಅಂಟಿಸಿ, ಅಡಿಯಲ್ಲಿ ಎನ್‌ಟ್ಯಾಗ್213 ಸ್ಟಿಕರ್ (ತನ್ನದೇ ಸಂಖ್ಯೆಯಿರುವ ಟ್ಯಾಗ್) ಹಾಕಿದ್ದೇನೆ. ಮಗು ಮೊದಲು ತನ್ನ ಗುರುತಿನ ಬಿಲ್ಲೆ ಇಡುತ್ತದೆ. ಯಾರದೂ ಹೆಸರಿಲ್ಲ, ಆಮೆ, ಬೆಳ್ಳಕ್ಕಿ, ಏಡಿ, ಅಳಿಲು. ಆಮೇಲೆ ಮಣೆ ಕೇಳಿದ್ದನ್ನು ಹುಡುಕಿ, ಅದು ಕಡಲಿನದೋ ತೋಟದ್ದೋ ಎಂದು ನೋಡಿ ಆ ವೃತ್ತದ ಮೇಲೆ ಇಡುತ್ತದೆ. ಯಾರು ಏನನ್ನು ಎಲ್ಲಿ ಎಷ್ಟು ಹೊತ್ತು ಇಟ್ಟರು ಎಂಬುದು ಇಎಸ್‌ಪಿಯ ಫ್ಲ್ಯಾಶ್ ಮೆಮೊರಿಯಲ್ಲೇ ಉಳಿಯುತ್ತದೆ, ವೈಫೈ ಆನ್ ಮಾಡುವುದೇ ಇಲ್ಲ. ಪರದೆ ಏಕಿಲ್ಲ ಎಂದು ಕೇಳುವವರಿಗೆ: 2ರಿಂದ 4 ವರ್ಷದ ಮಕ್ಕಳಿಗೆ ಪರದೆಯ ಮುಂದೆ ಕೂರುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಒಂದು ಗಂಟೆಯನ್ನು ಮನೆಯ ಮೊಬೈಲುಗಳು ಬೆಳಿಗ್ಗೆಯೇ ನುಂಗಿರುತ್ತವೆ.

ಸ್ಟಿಕರ್‌ಗಳ ವಿಷಯದಲ್ಲಿ ಒಂದು ದೂರು ಹೇಳಲೇಬೇಕು. ಐವತ್ತು ಕೇಳಿದ್ದೆ. ಪಾರ್ಸೆಲ್ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಬರಲು ಒಂಬತ್ತು ದಿನ ಹಿಡಿಯಿತು. ಬಿಚ್ಚಿದರೆ 125 ಕಿಲೋಹರ್ಟ್ಸ್‌ನ ಕೀಚೈನ್ ಟ್ಯಾಗುಗಳು. ಆರ್‌ಸಿ522 ಓದುವುದು 13.56 ಮೆಗಾಹರ್ಟ್ಸ್‌ನದನ್ನು. ಫೋನ್ ಮಾಡಿದರೆ, "ಎರಡೂ ಟ್ಯಾಗೇ ಅಲ್ಲವೇ ಸರ್?" ಎಂಬ ಉತ್ತರ. ಬಸ್ಸು ಕೇಳಿದವರಿಗೆ ದೋಣಿ ಕಳಿಸಿ ಎರಡೂ ವಾಹನವೇ ಎಂದ ಹಾಗೆ. ಮಾರುವ ವಸ್ತುವಿನ ಮೇಲೆ ಏನು ಬರೆದಿದೆ ಎಂದು ಓದುವಷ್ಟಾದರೂ ಶ್ರದ್ಧೆ ಬೇಡವೇ?

ಇನ್ನು ದೋಷದ ಕಥೆ. ಎರಡನೆಯ ಆವೃತ್ತಿಯಲ್ಲಿ ಟ್ಯಾಗ್ ಕಂಡ ತಕ್ಷಣ ಅದನ್ನೇ ಉತ್ತರವೆಂದು ಬರೆದುಕೊಳ್ಳುತ್ತಿದ್ದೆ. ಅದು ತಪ್ಪೆಂದು ತಿಳಿದದ್ದು ಕಾರವಾರದ ಹೊರವಲಯದ ಅಂಗನವಾಡಿಯಲ್ಲಿ, ಆಮೆ ಗುರುತಿನ ಹುಡುಗಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಾಗ. ಅವಳು ಚಿಪ್ಪಿನ ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಸಿರು ವೃತ್ತದ ಮೇಲೆ ತಂದಳು, ಅಂಚಿಗೆ ತಾಗಿಸಿದಳು, ತುಟಿ ಒತ್ತಿ ಹಿಡಿದು ನನ್ನ ಮುಖ ನೋಡಿದಳು, ಮೆಲ್ಲನೆ ಜಾರಿಸುತ್ತ ನೀಲಿಗೆ ತಂದು ಇಟ್ಟು ಕೈ ತೆಗೆದಳು. ಆ ವಯಸ್ಸಿನಲ್ಲಿ ಯೋಚನೆ ನಡೆಯುವುದು ಬೆರಳಿನಲ್ಲಿ. ನನ್ನ ಮಣೆ ಮಾತ್ರ ಅಂಚು ತಾಗಿದ ಕ್ಷಣಕ್ಕೇ "ಚಿಪ್ಪು, ತೋಟ, ತಪ್ಪು" ಎಂದು ಬರೆದು ಮುಗಿಸಿತ್ತು.

ಆದ್ದರಿಂದ ಮೂರನೆಯ ಆವೃತ್ತಿಯಲ್ಲಿ ಒಂದು ನಿಯಮ ತಂದೆ: ಬಿಲ್ಲೆ ಒಂದೂವರೆ ಸೆಕೆಂಡು ಕದಲದೆ ಕೂತರೆ ಮಾತ್ರ ಅದು ಉತ್ತರ, ಅದಕ್ಕಿಂತ ಮೊದಲಿನದೆಲ್ಲ ಅಲೆದಾಟವೆಂದು ಬೇರೆ ಕಡೆ ದಾಖಲು. ಮನೆಯಲ್ಲಿ ಕೈಯಲ್ಲಿ ಒಂದೊಂದೇ ಬಿಲ್ಲೆ ಆಡಿಸಿ ನೋಡಿ, ಸರಿಯಿದೆ ಎಂದುಕೊಂಡು ಒಯ್ದೆ. ಒಂದು ವಾರದ ದಾಖಲೆ ತೆಗೆದಾಗ ಮೈ ತಣ್ಣಗಾಯಿತು. ಉತ್ತರದ ಪಟ್ಟಿ ಬಹುಪಾಲು ಖಾಲಿ. ಅಲೆದಾಟದ ಪಟ್ಟಿಯಲ್ಲಿ, ಒಂದೇ ಗರಟೆಯನ್ನು ಆಮೆ ಒಂದೇ ಸರದಿಯಲ್ಲಿ ಮೂವತ್ತೊಂದು ಸಲ ಇಟ್ಟು ಎತ್ತಿದ್ದಾಳೆ!

ಅಕ್ಕೋರು ಹಾಳೆ ನೋಡಿ ಕನ್ನಡಕ ತೆಗೆದರು. "ಇದನ್ನು ನಾನು ನಂಬುವುದಿಲ್ಲ. ಈ ಹುಡುಗಿ ಒಮ್ಮೆ ಇಟ್ಟರೆ ಕೈ ಕಟ್ಟಿ ಕೂರುವವಳು. ನಿಮ್ಮ ಮಣೆಯನ್ನೇ ನೋಡಿ" ಎಂದರು. ಇಪ್ಪತ್ತು ವರ್ಷ ಮಕ್ಕಳ ನಡುವೆ ಚಾಪೆಯ ಮೇಲೆ ಕೂತವರ ಮಾತು. ಅವರು ನಂಬಿಬಿಟ್ಟಿದ್ದರೆ ಆ ತಿಂಗಳ ಪುಸ್ತಕದಲ್ಲಿ ಆಮೆಯ ಎದುರು "ಏಕಾಗ್ರತೆ ಕಡಿಮೆ" ಎಂಬ ಎರಡು ಪದ ಬೀಳುತ್ತಿದ್ದವು, ತಾಯಿಯ ಕಿವಿಗೂ ಹೋಗುತ್ತಿದ್ದವು.

ನಾನು ಹುಡುಕಿದ್ದೆಲ್ಲ ತಪ್ಪು ಜಾಗದಲ್ಲಿ. ಮೊದಲು ಸಂಶಯ ಬಿದ್ದದ್ದು ಅಂಗನವಾಡಿಯ ಸ್ಟೀಲ್ ಮೇಜಿನ ಮೇಲೆ. ಲೋಹದ ಹಾಳೆ ಆಂಟೆನಾದ ಶ್ರುತಿ ಕೆಡಿಸುವುದು ನಿಜ. ಅಡಿಗೆ ಎರಡಿಂಚಿನ ಮರದ ತುಂಡು ಕೊಟ್ಟು ಎತ್ತರಿಸಿದೆ. ಓದುವ ದೂರ ಹೆಚ್ಚಿತು, ದೋಷ ಹೋಗಲಿಲ್ಲ. ಆಮೇಲೆ ಉಪ್ಪುಗಾಳಿ. ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಂಡಾಗ ಕಳ್ಳ ಸಿಕ್ಕಿದನೆಂದೇ ಕುಣಿದೆ. ಎಲ್ಲವನ್ನೂ ಉಜ್ಜಿ, ಕನೆಕ್ಟರ್ ಕಿತ್ತು, ತಂತಿಗಳನ್ನು ನೇರವಾಗಿ ಬೆಸುಗೆ ಹಾಕಿ, ಮೇಲೆ ಉಗುರುಬಣ್ಣ ಬಳಿದೆ. ಕಡಲತೀರದಲ್ಲಿ ಈ ಹವ್ಯಾಸ ಇಟ್ಟುಕೊಂಡವರು ಇದನ್ನು ಹೇಗೂ ಮಾಡಲೇಬೇಕು. ದೋಷ ಮಾತ್ರ ಅಲ್ಲೇ ಇತ್ತು.

ಕೊನೆಗೆ ಗರಟೆಯನ್ನು ಮಣೆಯ ಮೇಲಿಟ್ಟು, ಕೈ ದೂರ ಸರಿಸಿ, ಇಎಸ್‌ಪಿ ಕಳಿಸುವ ಸಾಲುಗಳನ್ನು ತೋರಿಸುವ ಸೀರಿಯಲ್ ಮಾನಿಟರ್ ನೋಡುತ್ತ ಕೂತೆ. ಇದೆ. ಇಲ್ಲ. ಇದೆ. ಇಲ್ಲ. ಗಡಿಯಾರದ ಲೋಲಕದಷ್ಟು ನಿಯಮಿತ. ಕಿಲುಬು ಇಷ್ಟು ಶಿಸ್ತಿನಿಂದ ಕೆಲಸ ಮಾಡುವುದಿಲ್ಲ. ಆಗ ಐಎಸ್‌ಒ 14443 ಟ್ಯಾಗುಗಳ (ಈ ಸ್ಟಿಕರ್‌ಗಳು ಪಾಲಿಸುವ ಮಾನದಂಡ ಅದು) ನಡವಳಿಕೆ ನೆನಪಾಯಿತು. ನಾವೆಲ್ಲ ಬಳಸುವ ಸಿದ್ಧ ಕೋಡಿನ ಲೈಬ್ರರಿಯ "ಹೊಸ ಕಾರ್ಡ್ ಇದೆಯೇ" ಎಂಬ ಫಂಕ್ಷನ್ ಹಾಜರಿ ಕೂಗುತ್ತದೆ. ಟ್ಯಾಗ್ ಓಗೊಟ್ಟು, ತನ್ನ ಸಂಖ್ಯೆ ಒಪ್ಪಿಸಿ, ಸಕ್ರಿಯ ಸ್ಥಿತಿಗೆ ಹೋಗುತ್ತದೆ. ಅದೇ ಕೂಗು ಮತ್ತೆ ಬಂದರೆ ಸಕ್ರಿಯ ಟ್ಯಾಗ್‌ಗೆ ಅದು ಹೊತ್ತಲ್ಲದ ಹೊತ್ತಿನ ಆದೇಶ. ಉತ್ತರ ಕೊಡದೆ ಆರಂಭದ ಸ್ಥಿತಿಗೆ ಮರಳುತ್ತದೆ. ಅದರ ಮುಂದಿನ ಕೂಗಿಗೆ ಮತ್ತೆ ಓಗೊಡುತ್ತದೆ. ಕೂತಲ್ಲೇ ಕೂತ ಬಿಲ್ಲೆ ಒಂದು ಸಲ ಹಾಜರು, ಒಂದು ಸಲ ಗೈರು. ಒಂದೂವರೆ ಸೆಕೆಂಡಿನ ಲೆಕ್ಕ ಪ್ರತಿ ಗೈರಿಗೂ ಸೊನ್ನೆಗೆ ಬೀಳುತ್ತಿತ್ತು.

ಪರಿಹಾರ: ಸಂಖ್ಯೆ ಓದಿದ ಕೂಡಲೇ ಟ್ಯಾಗನ್ನು ಹಾಲ್ಟ್ ಆದೇಶದಿಂದ ಮಲಗಿಸಬೇಕು. ನಂತರ ಸಾಮಾನ್ಯ ಕೂಗಿನ ಬದಲು, ಮಲಗಿದವರನ್ನೂ ಎಬ್ಬಿಸುವ ವೇಕಪ್ ಆದೇಶ ಕಳಿಸಬೇಕು. ಎದ್ದರೆ ಸಂಖ್ಯೆ ಓದಿ ಮತ್ತೆ ಮಲಗಿಸಬೇಕು. ಸತತ ಮೂರು ಸಲ ಏಳದಿದ್ದರೆ ಮಾತ್ರ ಬಿಲ್ಲೆ ಎತ್ತಿದ್ದಾರೆಂದು ತಿಳಿಯಬೇಕು. ಅಷ್ಟೇ. ಗರಟೆ ಇಪ್ಪತ್ತು ನಿಮಿಷ "ಇದೆ" ಎಂದೇ ಕೂತಿತು. ನಾನೂ ಅದರ ಎದುರು ಅಷ್ಟೇ ಹೊತ್ತು ಕೂತಿದ್ದೆ.

ಹಳೆಯ ದಾಖಲೆಯನ್ನು ಪೂರ್ತಿ ಅಳಿಸಿದೆ. ಒಂದೂ ಸಾಲು ಉಳಿಸಿಕೊಳ್ಳಲು ಮನಸ್ಸಾಗಲಿಲ್ಲ.

ನಡುವೆ ಇನ್ನೊಂದು ಯೋಜನೆ ಕೊರೆಯುತ್ತಿದೆ. ಅಂಕೋಲೆಯ ಕಡೆ ಸುಗ್ಗಿ ಕುಣಿತ ನೋಡಿದವರಿಗೆ ಗುಮಟೆ ವಾದ್ಯದ ಪೆಟ್ಟು ಕಿವಿಯಲ್ಲಿ ಉಳಿದಿರುತ್ತದೆ. ಚಿಕ್ಕ ಮಣ್ಣಿನ ಗುಮಟೆಯೊಳಗೆ ಕಂಪನವನ್ನು ವಿದ್ಯುತ್ತಾಗಿ ಮಾಡುವ ಒಂದು ಪೀಜೋ ಬಿಲ್ಲೆ ಅಂಟಿಸಿ, ಅಕ್ಕೋರು ಬಾರಿಸಿದ ಲಯವನ್ನು ಮಗು ಹೇಗೆ ಮರಳಿ ಬಾರಿಸುತ್ತದೆ ಎಂದು ದಾಖಲಿಸಬೇಕು. ಒಂದು, ಎರಡು, ಬಿಡುವು, ಮತ್ತೆ ಒಂದು. ಎಣಿಕೆಯೂ ವಿನ್ಯಾಸವೂ ಅದರೊಳಗೇ ಇದೆ. ಮಣ್ಣಿನ ಕಂಪನ ಪೀಜೋಗೆ ಎಷ್ಟು ಸ್ವಚ್ಛವಾಗಿ ತಲುಪುತ್ತದೆ ಎಂದು ಪ್ರಯೋಗಿಸಿದವರಿದ್ದರೆ ದಯವಿಟ್ಟು ತಿಳಿಸಿ.

ಸರಿ, ಮಣೆಗೆ ಮರಳೋಣ. ಹೊಸ ಕೋಡು ಹಾಕಿ ಶುಕ್ರವಾರ ಒಯ್ದೆ. ಈ ಸಲ ಸಹಾಯಕಿ ಕೊಂಕಣಿಯಲ್ಲಿ ಹೇಳಿದ ಪ್ರಶ್ನೆಗಳೂ ಮಣೆಯಲ್ಲಿದ್ದವು. ಇಲ್ಲಿ ಅನೇಕ ಮಕ್ಕಳ ಮನೆಮಾತು ಅದೇ. ಕನ್ನಡದ ದನಿಗೆ ಸುಮ್ಮನೆ ಕೂರುತ್ತಿದ್ದ ಏಡಿ, ತನ್ನ ಮಾತು ಕೇಳಿದ್ದೇ ಮಣೆಯ ಹತ್ತಿರ ಕಿವಿ ತಂದು ನಕ್ಕ, ಐದೂ ಬಿಲ್ಲೆ ಇಟ್ಟ. ಅವನಿಗೆ ಗೊತ್ತಿಲ್ಲವೆಂದು ಇಷ್ಟು ದಿನ ಅಂದುಕೊಂಡಿದ್ದೆವು.

ಆಮೆಯ ಸರದಿ ಬಂತು. ಗರಟೆಯನ್ನು ತೋಟದ ಮೇಲಿಟ್ಟಳು, ಕೈ ಕಟ್ಟಿದಳು, ನಾಲ್ಕು ಸೆಕೆಂಡು. ಎತ್ತಿ ಕಡಲಿಗೆ ಇಟ್ಟಳು. ಮಣೆ "ಇನ್ನೊಮ್ಮೆ ನೋಡೋಣ" ಎಂದಿತು. ಅವಳು ಅಲುಗಾಡಲಿಲ್ಲ. "ಏಕೆ ಅಲ್ಲಿಟ್ಟೆ ಪುಟ್ಟಿ?" ಎಂದು ಅಕ್ಕೋರು ಕೇಳಿದರು. "ಮಳೆಗಾಲದಲ್ಲಿ ಕಡಲೇ ತಂದು ಹಾಕುತ್ತದೆ. ನಾವು ಹೆಕ್ಕಿ ತರುತ್ತೇವೆ" ಎಂದಳು.

ಅಕ್ಕೋರು ಅದನ್ನು ಅವಳ ಮಾತಿನಲ್ಲೇ ಪುಸ್ತಕಕ್ಕೆ ಬರೆದುಕೊಂಡರು. ಈ ಹಂತದಲ್ಲಿ ಪರೀಕ್ಷೆ ಬೇಡ, ಮಗುವನ್ನು ಗಮನಿಸುವುದು ಮತ್ತು ಮಗು ಮಾಡಿದ್ದನ್ನು ನೋಡಿ ಅರಿಯುವುದು ಸಾಕು ಎಂದು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳುತ್ತದೆ. ನಾನು ಅದನ್ನು ಓದಿದ್ದೆ. ಆದರೂ ದಾಖಲೆಯಲ್ಲಿ "ಸರಿ/ತಪ್ಪು" ಎಂಬ ಕಾಲಂ ಇಟ್ಟಿದ್ದೆ. ಅಂದೇ ಸಂಜೆ ಅದನ್ನು ಕಿತ್ತುಹಾಕಿದೆ. "ಇನ್ನೊಮ್ಮೆ ನೋಡೋಣ" ಎಂಬ ದನಿ ಕಡತದ ಜಾಗಕ್ಕೆ, ಅಕ್ಕೋರ ದನಿಯಲ್ಲಿ "ಏಕೆ ಅಲ್ಲಿಟ್ಟೆ?" ಬಂದಿದೆ. ಅದು ಬಿಲ್ಲೆ ಎಲ್ಲಿದ್ದರೂ ಕೇಳುತ್ತದೆ. ಉತ್ತರ ಕೇಳಿಸಿಕೊಳ್ಳುವುದು ಅಕ್ಕೋರ ಕೆಲಸ, ಮಣೆ ನೆನಪಿಡುವುದು ಜಾಗ ಮತ್ತು ಹೊತ್ತನ್ನು ಮಾತ್ರ.

ಇನ್ನೊಂದು ತೊಡಕು ಉಳಿದಿದೆ. ಆಮೆಯ ಮಾತು ಕೇಳಿದ ಅಳಿಲು ಗರಟೆಯನ್ನು ಎರಡು ವೃತ್ತಗಳ ನಟ್ಟನಡುವೆ ಇಟ್ಟು, ಎರಡೂ ಕಡೆ ಬೆರಳು ತೋರಿಸಿದ. ಅಲ್ಲಿ ರೀಡರೇ ಇಲ್ಲ, ದಾಖಲೆಯಲ್ಲಿ ಏನೂ ಬರಲಿಲ್ಲ. ಇಎಸ್‌ಪಿಯಲ್ಲಿ ಒಂದು ಪಿನ್ ಖಾಲಿಯಿದೆ. ಮೂರನೆಯ ರೀಡರ್‌ಗೆ ಬೇರೆ ಅಂಗಡಿಗೆ ಹಣ ಕಳಿಸಿದ್ದೇನೆ, 13.56 ಎಂದು ಮೂರು ಸಲ ಬರೆದು.