ಪಾರ್ಸೆಲ್ ಬಿಚ್ಚುವವನಿಗೆ ಕಾಣುವ ಕಂಪನಿ

ಬೀಟಲ್ಸ್ ಅಂದ್ರೆ ಎಲ್ರೂ ಹಾಡಿನ ಕಥೆ ಹೇಳ್ತಾರೆ, ನಂಗೆ ಮಾತ್ರ ಅವ್ರ ಕಂಪನಿ ಕಥೆಯೇ ರುಚಿ. ಆ್ಯಪಲ್ ರೆಕಾರ್ಡ್ಸ್, 1968ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು, ಫೋನಿನ ಆ್ಯಪಲ್ ಅಲ್ಲ ಮಾರಾಯ್ರೇ, ಅದು ಆಮೇಲೆ ಹುಟ್ಟಿದ್ದು. ಈ ರುಚಿ ಯಾಕೆ ಅಂದ್ರೆ ತೊಂಬತ್ತರ ದಶಕದಲ್ಲಿ ನಾನೂ ಕಾಸರಗೋಡಿನ ಒಂದು ಕ್ಯಾಸೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಂಪನಿ ಅಂದ್ರೆ ಹಳೇ ಬಸ್‌ಸ್ಟ್ಯಾಂಡ್ ಹತ್ರ ಮಾಳಿಗೆಯಲ್ಲಿ ಎರಡು ಕೋಣೆ ಅಷ್ಟೇ, ಯಕ್ಷಗಾನ ಪದ, ತಾಳಮದ್ದಳೆ, ಭಜನೆ, ಮತ್ತೆ ಎಲ್ಲಿಯಾದ್ರೂ ಬ್ರಹ್ಮಕಲಶ ಬಂದ್ರೆ ಆ ದೇವರ ಮೇಲೊಂದು ಭಕ್ತಿಗೀತೆ ಕ್ಯಾಸೆಟ್. ನಂದು ಪೋಸ್ಟಲ್ಲಿ ಬಂದ ಪಾರ್ಸೆಲ್ ಬಿಚ್ಚುದು, ಇನ್‌ಲೇ ಕಾರ್ಡ್ ಮಡಚಿ ಡಬ್ಬಿಗೆ ಹಾಕುದು, ಬದಿಯಡ್ಕ, ಪೆರ್ಲದ ಅಂಗಡಿಯವ್ರ ಬಾಕಿ ಬರೀದು, ಇಂಥ ಕೆಲಸ.

ಹಾಗಾಗಿ ಆ್ಯಪಲ್‌ನವ್ರು ಕೊಟ್ಟ ಒಂದು ಜಾಹೀರಾತು ನೋಡಿದಾಗ ನಂಗೆ ಮೊದಲು ನೆನಪಾದ್ದು ಅಲ್ಲಿ ಪಾರ್ಸೆಲ್ ಬಿಚ್ಚುವವನ ಗತಿ. ಜಾಹೀರಾತಿನಲ್ಲಿ ಒಬ್ಬ ಮನುಷ್ಯ, ಬೆನ್ನಿಗೆ ಡ್ರಮ್, ಕೈಯಲ್ಲಿ ಗಿಟಾರ್, ಒಬ್ಬನೇ ಇಡೀ ಮೇಳ, ಇವನು ತನ್ನ ಹಾಡು ಟೇಪ್ ಮಾಡಿ ನಮಗೆ ಕಳಿಸಿದ, ಈಗ ಇವನ ಹತ್ರ ಬೆಂಟ್ಲಿ ಕಾರುಂಟು, ನೀವೂ ಕಳಿಸಿ ಅಂತ ಅದರ ಸಾರ. ಅವನೆಂತ ಹಾಡುಗಾರನಾ, ಕಂಪನಿಯ ಆಫೀಸಿನವನೇ, ಆಲಿಸ್ಟೇರ್ ಟೇಲರ್ ಅಂತ, ಬೀಟಲ್ಸ್ ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್ 1961ರಲ್ಲಿ ಅವ್ರನ್ನು ಮೊದಲು ನೋಡ್ಲಿಕ್ಕೆ ಕ್ಯಾವರ್ನ್ ಕ್ಲಬ್ಬಿಗೆ ಹೋದಾಗ ಜೊತೆಗಿದ್ದವ. ಮತ್ತೆ ಕೇಳ್ಬೇಕಾ, ಮೂಟೆಮೂಟೆ ಟೇಪು ಬಂದು ಬಿದ್ದದ್ದು, ಹೆಚ್ಚಿನದ್ದನ್ನು ಕೇಳುವವರೇ ಇಲ್ಲ. ಆಮೇಲೆ ದೊಡ್ಡ ಹೆಸರು ಮಾಡಿದ ಹಾಡುಗಾರ ಜೇಮ್ಸ್ ಟೇಲರನಂಥವ ಆ್ಯಪಲ್‌ಗೆ ಬಂದದ್ದು ಈ ಮೂಟೆಯಿಂದಲ್ಲ, ಕಂಪನಿಗೆ ಹೊಸ ಹಾಡುಗಾರರನ್ನು ಆರಿಸ್ತಿದ್ದ ಪೀಟರ್ ಆ್ಯಷರ್ ಹತ್ರ ಮುಖತಾ ಬಂದು.

ನಮ್ಮಲ್ಲಿ ಜಾಹೀರಾತು ಎಂತದ್ದೂ ಇಲ್ಲದೆಯೇ ಬರ್ತಿತ್ತು. ಮುಳ್ಳೇರಿಯದ ಕಡೆಯಿಂದ, ನೀರ್ಚಾಲಿನಿಂದ, ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಕ್ಯಾಸೆಟ್ಟು, ಒಳಗೊಂದು ಚೀಟಿ, ಭಾಗವತಿಕೆ ಕಲಿತಿದ್ದೇನೆ ಒಂದು ಅವಕಾಶ ಕೊಡ್ಬೇಕು ಅಂತ. ಧಣಿಗಳು ಚೀಟಿ ಓದ್ತಿದ್ರು, ಕ್ಯಾಸೆಟ್ ಮಾತ್ರ ಕೇಳ್ತಿರ್ಲಿಲ್ಲ. "ಒಳ್ಳೇ ಕ್ಯಾಸೆಟ್ಟಾ ನೋಡು, ಆದ್ರೆ ಅಳಿಸಿ ಇಡು, ಟ್ರಯಲಿಗೆ ಆಗ್ತದೆ" ಅಂತಿದ್ರು. ನಾನು ಅಳಿಸುವ ಮೊದಲು ಸ್ವಲ್ಪ ಕೇಳ್ತಿದ್ದೆ, ಕೆಲವ್ರ ಕಂಠ ಭಾರೀ ಚಂದ ಇರ್ತಿತ್ತು, ಹಿಂದೆ ಕೋಳಿ ಕೂಗಿದ್ದೂ ಕೇಳ್ತದೆ, ಆದ್ರೂ ಚಂದ.

ಆ್ಯಪಲ್ ಆಫೀಸು ಇದ್ದದ್ದು 3, ಸ್ಯಾವಿಲ್ ರೋ, ದೊಡ್ಡ ಮನುಷ್ಯರಿಗೆ ಕೋಟು ಹೊಲಿಯುವ ದರ್ಜಿಗಳ ಬೀದಿ, ಕಟ್ಟಡಕ್ಕೆ 5 ಲಕ್ಷ ಪೌಂಡ್. ಅಲ್ಲಿ ರಿಚರ್ಡ್ ಡಿಲೆಲೋ ಅಂತ ಒಬ್ಬ ಅಮೆರಿಕನ್ ಹುಡುಗ ಇದ್ದ, ಡೆರೆಕ್ ಟೇಲರನ ಪ್ರೆಸ್ ಆಫೀಸಿನಲ್ಲಿ ಪೇಪರ್ ಕತ್ತರಿಸಿ ಇಡುವ ಕೆಲಸ, ಹುದ್ದೆಯ ಹೆಸರೇ ಹೌಸ್ ಹಿಪ್ಪಿ! ಒಳಗಿನ ಸುದ್ದಿ ಆಮೇಲೆ ಬರೆದವ್ರಲ್ಲಿ ಅವನೂ ಒಬ್ಬ. 1968ರ ಡಿಸೆಂಬರಲ್ಲಿ ಬೀಟಲ್ಸಿನ ಜಾರ್ಜ್ ಹ್ಯಾರಿಸನ್ ಸ್ಟಾಫಿಗೆಲ್ಲ ಒಂದು ಮೆಮೋ ಕಳಿಸಿದ, ಕ್ಯಾಲಿಫೋರ್ನಿಯಾದ ಹೆಲ್ಸ್ ಏಂಜಲ್ಸ್ ಬೈಕಿನವ್ರು ಬರ್ತಾರೆ, ಹೆದರ್ಬೇಡಿ, ಸಹಾಯ ಮಾಡಿ, ಆದ್ರೆ ಆಫೀಸೇ ಅವ್ರ ಕೈಗೆ ಹೋಗದ ಹಾಗೆ ನೋಡ್ಕೊಳ್ಳಿ ಅಂತ. ಬಂದ್ರು, ಬಂದು ಅಲ್ಲೇ ಠಿಕಾಣಿ ಹೂಡಿದ್ರು, ಕ್ರಿಸ್‌ಮಸ್ ಪಾರ್ಟಿಯಲ್ಲಿ ಬೀಟಲ್ಸಿನವನೇ ಆದ ಜಾನ್ ಲೆನನ್ ಸಾಂತಾ ವೇಷದಲ್ಲಿ ಕೂತಿದ್ದಾಗಲೇ ಊಟ ಲೇಟ್ ಆಯ್ತು ಅಂತ ಜಗಳ, ಒಬ್ಬನಿಗೆ ಪೆಟ್ಟೂ ಬಿತ್ತು. ಮೆಮೋ ಬರೆಯುವವನಿಗೆ ಸುಲಭ ಅಲ್ವಾ, ಅನುಭವಿಸುದು ಕೆಳಗಿನವ್ರು.

ಇನ್ನೊಂದು ವಿಷಯ ನಮ್ಮ ಲೈನಿನವ್ರಿಗೆ ಮಾತ್ರ ಮಜಾ ಕೊಡುವಂಥದ್ದು. ಬೀಟಲ್ಸಿನ 'ಹೇ ಜೂಡ್' ಹಾಡು ಆಗಸ್ಟ್ 1968ರಲ್ಲಿ ಹಸಿರು ಆ್ಯಪಲ್ ಲೇಬಲ್ಲಿನಲ್ಲಿ ಬಂತು, ಎ ಸೈಡಿಗೆ ಇಡೀ ಹಣ್ಣು, ಬಿ ಸೈಡಿಗೆ ಅರ್ಧ ಕೊಯ್ದ ಹಣ್ಣು, ಆದ್ರೆ ಬ್ರಿಟನ್ನಿನ ಆ ರೆಕಾರ್ಡಿನ ನಂಬರ್ ನೋಡಿ, ಆರ್ 5722, ಅದು ಇಎಂಐ ಅನ್ನುವ ದೊಡ್ಡ ರೆಕಾರ್ಡ್ ಕಂಪನಿಯ ಪಾರ್ಲೋಫೋನ್ ಲೇಬಲ್ಲಿನ ಸಾಲಿನದ್ದು. ಬೀಟಲ್ಸಿನ ಕರಾರು ಇಎಂಐ ಜೊತೆಯೇ ಇತ್ತು, ಸ್ವಂತ ಕಂಪನಿಯಲ್ಲಿ ಅವ್ರದ್ದು ಚಿತ್ರ ಮಾತ್ರ. ನಮ್ಮದೂ ಅದೇ ಕಥೆ, ಸ್ಟಿಕರ್ ನಮ್ಮದು, ಕಾಪಿ ಹೊಡೆಯುದು ಮಂಗಳೂರಿನಲ್ಲಿ, ಅವ್ರು ಹಿಂದಿನ ಬಾಕಿ ಕೇಳಿದ ವಾರ ನಮ್ಮಲ್ಲಿ ಕ್ಯಾಸೆಟ್ಟೇ ಇಲ್ಲ. ಹೇಳಿದ ಹಾಗೆ ಆ್ಯಪಲ್‌ನ ಮೊದಲ ಎಲ್‌ಪಿ ಬೀಟಲ್ಸಿನದ್ದೇ ಅಲ್ಲ, ಜಾರ್ಜ್ ಒಬ್ಬನದ್ದು, ಅದರ ಒಂದು ಪಾಲು ರೆಕಾರ್ಡ್ ಆದದ್ದು ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ, ನಮ್ಮವ್ರ ಶಹನಾಯಿ ಎಲ್ಲ ಉಂಟು ಅದರಲ್ಲಿ.

1969ರಲ್ಲಿ ಆ್ಯಲನ್ ಕ್ಲೈನ್ ಮ್ಯಾನೇಜರಾಗಿ ಬಂದ, ಖರ್ಚು ಕಡಿಮೆ ಮಾಡ್ತೇನೆ ಅಂತ ಒಬ್ಬೊಬ್ಬರನ್ನೇ ತೆಗ್ದ. ಜಾಹೀರಾತಿನ ಬೆಂಟ್ಲಿ ಮನುಷ್ಯ ಆಲಿಸ್ಟೇರ್ ಟೇಲರನೂ ಹೋದ. ಬೀಟಲ್ಸಿಗೆ ಫೋನ್ ಮಾಡಿದ್ರೆ ಯಾರೂ ಫೋನಿಗೆ ಬರ್ಲಿಲ್ಲ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಕ್ಲೈನಿನ ಮೇಲೆ ನಂಗೆ ಅಷ್ಟು ಸಿಟ್ಟಿಲ್ಲ, ಅವ ಬಂದದ್ದೇ ಅದಕ್ಕೆ, ಆದ್ರೆ ಎಂಟು ವರ್ಷದ ಗುರುತಿನವ ಮಾಡಿದ ಫೋನ್ ಎತ್ತದವ್ರದ್ದು ಯಾವ ಸೀಮೆಯ ಮರ್ಯಾದೆ ಅಂತ.

ನಮ್ಮ ಧಣಿಗಳು ಯಾರನ್ನೂ ತೆಗೀಲಿಲ್ಲ, ತೆಗೀಲಿಕ್ಕೆ ಕಂಪನಿಯೇ ಉಳೀಲಿಲ್ಲ. ಎಂಪಿತ್ರೀ ಸೀಡಿ ಬಂತು, ನಾವು ವರ್ಷಗಟ್ಟಲೆ ಮಾಡಿದ ಪ್ರಸಂಗ ಎಲ್ಲ ಒಂದೇ ಸೀಡಿಯಲ್ಲಿ ಬಸ್‌ಸ್ಟ್ಯಾಂಡಲ್ಲೇ ಮಾರ್ಲಿಕ್ಕೆ ಶುರು. ಕೊನೇ ತಿಂಗಳ ಸಂಬಳದ ಅರ್ಧ ದುಡ್ಡು ಕೊಟ್ರು, ಉಳಿದ ಅರ್ಧಕ್ಕೆ ಎರಡು ಪೆಟ್ಟಿಗೆ ತಾಳಮದ್ದಳೆ ಕ್ಯಾಸೆಟ್. ಈಗಲೂ ಅಟ್ಟದಲ್ಲುಂಟು, ಪ್ಲೇಯರ್ ಇದ್ದವ್ರು ಯಾರಾದ್ರೂ ಇದ್ರೆ ಹೇಳಿ, ಪೋಸ್ಟ್ ಖರ್ಚು ನಿಮ್ಮದು.