ಊರಿಲ್ಲದ ಬೆಟ್ಟಕ್ಕೊಂದು ರೈಲು

ಲಾಸ್ ಏಂಜಲೀಸ್ ಪಕ್ಕದ ಆಲ್ಟಡೀನಾದಲ್ಲಿ ಲೇಕ್ ಅವೆನ್ಯೂ ಏರುತ್ತಾ ಏರುತ್ತಾ ಸಾನ್ ಗೇಬ್ರಿಯಲ್ ಬೆಟ್ಟಸಾಲಿನ ಬುಡಕ್ಕೆ ಬಂದು ಮುಗಿಯುತ್ತದೆ. ಎಕೋ ಮೌಂಟನ್‌ಗೆ ಹೋಗುವ ಕಾಲುದಾರಿ ಶುರುವಾಗುವುದು ಅಲ್ಲಿಂದಲೇ. ಸುಮಾರು ಎರಡೂವರೆ ಮೈಲಿ, ಉದ್ದಕ್ಕೂ ಕುರುಚಲು ಗಿಡ, ನೆರಳು ಅಪರೂಪ. ನಾವು ಹತ್ತಿದ್ದು ಈಟನ್ ಕಾಡ್ಗಿಚ್ಚಿಗೆ ಮುಂಚೆ. 2025ರ ಜನವರಿಯ ಆ ಬೆಂಕಿಯಲ್ಲಿ ಆಲ್ಟಡೀನಾದ ಸಾವಿರಾರು ಮನೆಗಳು ಸುಟ್ಟುಹೋದವು.

ನಾವು ಏದುಸಿರು ಬಿಡುತ್ತಾ ಹತ್ತಿದ ಎತ್ತರಕ್ಕೆ ಒಂದು ಕಾಲದಲ್ಲಿ ಜನ ಟೋಪಿ, ಗೌನು ಹಾಕಿಕೊಂಡು ಕುಳಿತೇ ಹೋಗುತ್ತಿದ್ದರು. ಅದು ಥಾಡಿಯಸ್ ಲೋ ಅವರ ಹುಚ್ಚು. ಅಮೆರಿಕದ ಅಂತರ್ಯುದ್ಧದಲ್ಲಿ ಲಿಂಕನ್ ಸೇನೆಗಾಗಿ ಬಲೂನಿನಲ್ಲಿ ಹಾರಿ ಶತ್ರುಗಳ ಚಲನವಲನ ನೋಡುತ್ತಿದ್ದ ಮನುಷ್ಯ. ಆಮೇಲೆ ಗ್ಯಾಸ್ ತಯಾರಿಕೆಯಲ್ಲಿ ಚೆನ್ನಾಗಿ ದುಡ್ಡು ಮಾಡಿದರು. ಆ ದುಡ್ಡನ್ನೆಲ್ಲ ಈ ಬೆಟ್ಟಕ್ಕೆ ಸುರಿದರು. ಎಂಜಿನಿಯರ್ ಡೇವಿಡ್ ಮ್ಯಾಕ್‌ಫರ್ಸನ್ ಜೊತೆಗೂಡಿ ಕಟ್ಟಿಸಿದ ರೈಲು 1893ರ ಜುಲೈ 4ರಂದು ಓಡಿತು.

ರೂಬಿಯೊ ಕಣಿವೆಯವರೆಗೆ ಟ್ರಾಲಿ, ಅಂದರೆ ವಿದ್ಯುತ್ ಟ್ರಾಮ್. ಅಲ್ಲಿಂದ ಸುಮಾರು 3000 ಅಡಿ ಉದ್ದದ ನೇರ ಏರು. ತೀರಾ ಕಡಿದಾದ ಕಡೆ ನೂರು ಅಡಿ ಮುಂದಕ್ಕೆ ಹೋಗುವಷ್ಟರಲ್ಲಿ 62 ಅಡಿ ಮೇಲಕ್ಕೆ! ಒಂದೇ ಉಕ್ಕಿನ ಹಗ್ಗಕ್ಕೆ ಎರಡು ಬಂಡಿ, ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ: ಒಂದು ಇಳಿದರೆ ಇನ್ನೊಂದು ಏರಬೇಕು. ಹಳಿ ಮೂರೇ, ನಡುವಿನದು ಎರಡಕ್ಕೂ ಸೇರಿದ್ದು. ಎದುರಾಗುವ ಅರ್ಧದಾರಿಯಲ್ಲಿ ಮಾತ್ರ ನಾಲ್ಕು ಹಳಿ. ಜಿಪುಣತನವೂ ಜಾಣತನವೂ ಸೇರಿದ ಈ ಏರ್ಪಾಡು ನನಗಂತೂ ತುಂಬಾ ಹಿಡಿಸಿತು.

ಮೇಲೆ 70 ಕೋಣೆಗಳ ಹೋಟೆಲಿತ್ತು. ಈಗ ಅದರ ಅಡಿಪಾಯ ಮತ್ತು ಮೆಟ್ಟಿಲುಗಳಿವೆ. ಹಗ್ಗ ಎಳೆಯುತ್ತಿದ್ದ ದೈತ್ಯ ಗಾಲಿ ತುಕ್ಕು ಹಿಡಿದು ಕೂತಿದೆ. ಕಣಿವೆಯತ್ತ ಬಾಯಿಟ್ಟ ಕಬ್ಬಿಣದ ಕಹಳೆಯೂ ಇದೆ. ನಮ್ಮ ಜೊತೆಯ ಹುಡುಗನೊಬ್ಬ ಅದರಲ್ಲಿ "ಊಟ ಆಯ್ತಾ?" ಎಂದು ಕೂಗಿದ, ಕ್ಯಾಲಿಫೋರ್ನಿಯಾದ ಬೆಟ್ಟ ಅಚ್ಚ ಕನ್ನಡದಲ್ಲೇ ತಿರುಗಿ ಕೇಳಿತು.

1896ರಲ್ಲಿ ಹಳಿ ಇನ್ನೂ ಮೇಲಕ್ಕೆ, ಆಲ್ಪೈನ್ ಟ್ಯಾವರ್ನ್ ಎಂಬ ತಂಗುಮನೆಯವರೆಗೆ ಬೆಳೆಯಿತು. 127 ತಿರುವು, 18 ಸೇತುವೆ. ಗುರಿಯಾಗಿದ್ದ ಮೌಂಟ್ ಲೋ ಶಿಖರವನ್ನು ಮಾತ್ರ ಮುಟ್ಟಲೇ ಇಲ್ಲ. ಅಷ್ಟರಲ್ಲಿ ದುಡ್ಡು ಕರಗಿತ್ತು. ಶತಮಾನ ಮುಗಿಯುವ ಮೊದಲೇ ರೈಲು ಲೋ ಅವರ ಕೈತಪ್ಪಿತು. ಮುಂದೆ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿ ಓಡಿಸಿತು. 1900ರಲ್ಲಿ ಹೋಟೆಲ್ ಸುಟ್ಟಿತು, 1905ರಲ್ಲಿ ಬಿರುಗಾಳಿ ಮತ್ತು ಬೆಂಕಿಗೆ ಉಳಿದ ಕಟ್ಟಡಗಳಲ್ಲಿ ಬಹುಪಾಲು ಹೋದವು, 1909ರಲ್ಲಿ ರೂಬಿಯೊದಲ್ಲಿ ಪ್ರವಾಹ, 1936ರಲ್ಲಿ ಟ್ಯಾವರ್ನ್ ಭಸ್ಮ. 1938ರ ಮಳೆಗೆ ಹಳಿಗಳೂ ಕೊಚ್ಚಿಹೋದ ಮೇಲೆ ಕಂಪನಿ ಕೈಚೆಲ್ಲಿತು.

ತಪ್ಪು ಬೆಂಕಿಯದ್ದೊಂದೇ ಎಂದು ನನಗನ್ನಿಸುವುದಿಲ್ಲ. ಹೆಚ್ಚುಕಡಿಮೆ ಅದೇ ಕಾಲದ ನೀಲಗಿರಿ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ಮುಟ್ಟಿತು, ಇವತ್ತಿಗೂ ಓಡುತ್ತಿದೆ. ಅದರ ತುದಿಯಲ್ಲಿ ಊರಿದೆ. ಲೋ ಅವರ ರೈಲಿನ ತುದಿಯಲ್ಲಿ ಇದ್ದದ್ದು ನೋಟ ಮಾತ್ರ. ಕಾರು ಬಂದ ಮೇಲೆ ನೋಟಕ್ಕೆ ಟಿಕೆಟ್ ಕೊಳ್ಳುವವರು ಎಷ್ಟು ಜನ?

ಹಳೆಯ ಹಳಿಯ ಜಾಡಿನಲ್ಲೇ ಟ್ಯಾವರ್ನ್‌ ಇದ್ದ ಜಾಗಕ್ಕೆ ನಡೆಯುವ ಮನಸ್ಸಿತ್ತು. ಬಾಟಲಿಯಲ್ಲಿ ನೀರಿರಲಿಲ್ಲ, ಇಳಿದುಬಿಟ್ಟೆವು.