ಮರಡಿಹಳ್ಳಿಯ ದಿಂಬುಗಲ್ಲು, ಐಸ್‌ಲ್ಯಾಂಡಿನ ದಾರಿ

ಐಸ್‌ಲ್ಯಾಂಡಿನಿಂದ ಚಿತ್ರದುರ್ಗಕ್ಕೆ ಬಂದ ಮೊದಲ ಭಾನುವಾರವೇ ಅಪ್ಪನನ್ನು ಬೈಕಲ್ಲಿ ಕೂರಿಸಿಕೊಂಡು ಮರಡಿಹಳ್ಳಿಗೆ ಹೋದೆ. ಚಿಕ್ಕವಳಿದ್ದಾಗ ಆ ಗುಂಡು ಗುಂಡು ಕಲ್ಲುಗಳನ್ನು ಮೊದಲು ತೋರಿಸಿದ್ದು ಅಪ್ಪನೇ. ಅವು ಯಾಕೆ ಹಾಗಿವೆ ಅಂತ ನನಗೆ ಅರ್ಥವಾಗಿದ್ದು ಮಾತ್ರ ಅಷ್ಟು ದೂರ ಹೋದ ಮೇಲೆ.

ಐಸ್‌ಲ್ಯಾಂಡಿನಲ್ಲಿ ಒಂದು ದಿನ ನಾನು ಮತ್ತು ನನ್ನ ತಮ್ಮ, ವೀಕ್ ಅನ್ನೋ ಊರಿನಿಂದ ಬೆಳಿಗ್ಗೆ ಬೇಗ ಹೊರಟಿದ್ದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿಮ. ನಡುವೆ 1783ರಲ್ಲಿ ಲಾಕಿ ಜ್ವಾಲಾಮುಖಿ ಉಕ್ಕಿಸಿದ ಲಾವಾ, ಅದರ ಮೇಲೆ ಗೇಣುದ್ದದ ಪಾಚಿ. ಆಮೇಲೆ ಮೈಲಿಗಟ್ಟಲೆ ಕಪ್ಪು ಮರಳು. ಒಂದು ಕಡೆ ರಸ್ತೆ ಪಕ್ಕದಲ್ಲೇ ಸೇತುವೆಯ ಕಬ್ಬಿಣದ ತೊಲೆಗಳು ತಿರುಚಿಕೊಂಡು ನಿಂತಿದ್ದವು. 1996ರಲ್ಲಿ ವಾತ್ನಾಯೋಕುಲ್ ಅನ್ನೋ ಭಾರೀ ಹಿಮನದಿಯ ಅಡಿಯಲ್ಲೇ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಕೆಲವು ವಾರ ಒಳಗೇ ತುಂಬಿಕೊಂಡು, ನವೆಂಬರಿನಲ್ಲಿ ಒಮ್ಮೆಲೇ ನುಗ್ಗಿ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಆ ತೊಲೆ ಮುಟ್ಟಿದೆ. ಅಂಗೈಗೆಲ್ಲ ತುಕ್ಕು ಮೆತ್ತಿಕೊಂಡಿತು. ನನಗಂತೂ ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ಸಂಜೆ ಹೊತ್ತಿಗೆ ಯೋಕುಲ್ಸಾರ್ಲೋನ್ ಸರೋವರ. 1930ರ ದಶಕಕ್ಕೆ ಮುಂಚೆ ಅದು ಇರಲೇ ಇಲ್ಲವಂತೆ. ಹಿಮನದಿ ಹಿಂದೆ ಸರಿದ ಹಾಗೆ ನೀರು ನಿಂತಿದೆ. ಅದರ ಹಿಮಗಡ್ಡೆಗಳು ಸಮುದ್ರಕ್ಕೆ ಹೋಗಿ, ಅಲೆ ಹೊಡೆದು ಮತ್ತೆ ಕಪ್ಪು ದಡಕ್ಕೇ ಬಂದು ಬೀಳುತ್ತವೆ. ಒಂದು ಚೂರು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಒಳಗೆ ರಾಗಿ ಕಾಳಿನಷ್ಟು ಸಣ್ಣ ಗಾಳಿಗುಳ್ಳೆಗಳು. ಬೆರಳು ಮರಗಟ್ಟುವವರೆಗೂ ಬಿಡಲಿಲ್ಲ.

ಹಿಮದಡಿಯ ಲಾವಾ ನೀರಿಗೆ ಸಿಕ್ಕರೆ ಏನಾಗುತ್ತೆ ಅಂತ ತಮ್ಮ ಹೇಳಿದ್ದು ಅಲ್ಲೇ. ಬೋಂಡ ಎಣ್ಣೆಗೆ ಬಿದ್ದ ತಕ್ಷಣ ಮೇಲಿನ ಪದರ ಗಟ್ಟಿಯಾಗುತ್ತಲ್ಲ, ಹಾಗೆ. ಒಳಗೆ ಇನ್ನೂ ಕುದಿಯುತ್ತಿರುತ್ತದೆ. ಪದರ ಒಡೆದು ಪಕ್ಕಕ್ಕೆ ಇನ್ನೊಂದು ಉಂಡೆ ಉಬ್ಬುತ್ತದೆ, ಆಮೇಲೆ ಮತ್ತೊಂದು. ದಿಂಬು ಪೇರಿಸಿಟ್ಟ ಹಾಗೆ. ನನಗೆ ಥಟ್ಟನೆ ಮರಡಿಹಳ್ಳಿ ನೆನಪಾಯಿತು.

ಇದನ್ನೆಲ್ಲ ಬಂಡೆ ಮುಂದೆ ನಿಂತು ಅಪ್ಪನಿಗೆ ಹೇಳಿದೆ. ಸುಮಾರು 250 ಕೋಟಿ ವರ್ಷದ ಕಲ್ಲು ಇದು ಅಂದೆ.

"ಹಂಗಾದ್ರೆ ಇಲ್ಲಿ ಹಿಮ ಇತ್ತೇನವ್ವಾ?"

"ಹಿಮ ಅಲ್ಲಪ್ಪ, ಸಮುದ್ರ. ಅದರ ತಳದಲ್ಲಿ ಉಕ್ಕಿದ್ದು."

ಅಪ್ಪ ಸುತ್ತ ನೋಡಿದರು. ಬಿಸಿಲು, ಒಣಹುಲ್ಲು, ಜಾಲಿ. ಆಮೇಲೆ ಬಾಟಲಿಯ ನೀರನ್ನು ಒಂದು ದಿಂಬಿನ ಮೇಲೆ ನಿಧಾನಕ್ಕೆ ಸುರಿದರು. ಕಲ್ಲು ನೆನೆದು ಅಂಚು ಸ್ಪಷ್ಟವಾಗಿ ಕಂಡಿತು. ಪಕ್ಕದ್ದಕ್ಕೂ ಸುರಿದರು.